ಹಳೇ ಸೋಲಾರ್ ಪ್ಯಾನಲ್ಲಿಗೆ ಹೊಸ ಟ್ಯಾಂಕ್, ಅದರೊಳಗೆ ಕರಗುವ ಉಪ್ಪು

ನಮ್ಮ ಮನೆಯಲ್ಲಿ ಬೆಳಗ್ಗೆ ಮೊದಲು ಸ್ನಾನಕ್ಕೆ ಹೋಗುವವರು ಅಪ್ಪಯ್ಯ. ಐದು ಗಂಟೆ, ತಪ್ಪಿದರೆ ಐದೂಕಾಲು. ವಯಸ್ಸು ಎಂಬತ್ತು ದಾಟಿದೆ. ಸಾಗರದ ಕಡೆಯ ಡಿಸೆಂಬರ್ ಚಳಿ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬಚ್ಚಲಮನೆಯ ತಾರಸಿಯ ಮೇಲಿರುವ ಸೋಲಾರ್ ಸಂಜೆ ಹೊತ್ತಿಗೆ ಕೈ ಸುಡುವಷ್ಟು ನೀರು ಕಾಯಿಸುತ್ತಿತ್ತು. ಬೆಳಗ್ಗೆ ಅಪ್ಪಯ್ಯನ ಬಕೆಟ್ಟಿಗೆ ಬೀಳುತ್ತಿದ್ದುದು ಮಾತ್ರ ಉಗುರು ಬೆಚ್ಚಗಿನ ನೀರು. ಅಮ್ಮನ ಸರದಿ ಬರುವಾಗ ಅದೂ ಇಲ್ಲ, ಹಂಡೆಯ ಒಲೆಗೆ ಬೆಂಕಿ ಹಾಕಬೇಕು.

ನವೆಂಬರ್ ಮೊದಲ ವಾರ ಟ್ಯಾಂಕ್ ಸೋರಲು ಶುರುವಾಯಿತು. ಹದಿನೆಂಟು ವರ್ಷದ ಹಳೇ ಟ್ಯಾಂಕು, 125 ಲೀಟರ್, ಅಡ್ಡ ಮಲಗಿಸಿದ್ದು. ಪ್ಯಾನಲ್ ಗಟ್ಟಿಯಾಗಿತ್ತು: 2 ಚದರ ಮೀಟರ್, ತಾಮ್ರದ ಕೊಳವೆ, ಗಾಜೂ ಒಡೆದಿರಲಿಲ್ಲ. ಟ್ಯಾಂಕ್ ಒಂದನ್ನೇ ಹೊಸದಾಗಿ ಮಾಡಿಸುವುದೆಂದು ತೀರ್ಮಾನಿಸಿದೆ. ಹನಿ ಹನಿ ಸೋರಿಕೆ, ಒಂದೆರಡು ವಾರ ತಡೆಯುತ್ತಿತ್ತು. ಅಷ್ಟರಲ್ಲಿ ರಾತ್ರಿ ಈ ಬಿಸಿ ಎಲ್ಲಿ ಹೋಗುತ್ತದೆ ಎಂದು ಅಳೆದು ನೋಡಬೇಕೆನ್ನಿಸಿತು.

ಬಿಸಿ ಅಳೆಯುವ, ನೀರಿಗಿಳಿಸಬಹುದಾದ ಡಿಎಸ್18ಬಿ20 ಎಂಬ ಸೆನ್ಸರ್ ಮೂರು, ಅವುಗಳ ಲೆಕ್ಕ ಓದಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, 4.7 ಕಿಲೋಓಮ್‌ನ ಒಂದು ರೆಸಿಸ್ಟರ್. ಮೂರೂ ಸೆನ್ಸರುಗಳನ್ನು ಬಿದಿರ ಕಡ್ಡಿಗೆ ಬೇರೆ ಬೇರೆ ಎತ್ತರದಲ್ಲಿ ಕಟ್ಟಿ, ಗಾಳಿ ಹೋಗಲು ಬಿಟ್ಟಿರುವ ಪೈಪಿನಿಂದ ಟ್ಯಾಂಕಿಗೆ ಇಳಿಸಿದೆ. ಎರಡು ನಿಮಿಷಕ್ಕೊಮ್ಮೆ ಒಂದು ಲೆಕ್ಕ ಬರೆದುಕೊಳ್ಳುತ್ತದೆ.

ಮರುದಿನ ಗ್ರಾಫ್ ನೋಡಿದಾಗ ನನ್ನ ಊಹೆ ಅರ್ಧ ಸುಳ್ಳಾಗಿತ್ತು. ಇಡೀ ರಾತ್ರಿ ಚಳಿಗೆ ಟ್ಯಾಂಕ್ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಸಂಜೆ ಐದಕ್ಕೆ 58 ಡಿಗ್ರಿ ಇದ್ದದ್ದು ರಾತ್ರಿ ಎಂಟೂವರೆಗೇ 50ಕ್ಕೆ ಬಂದಿತ್ತು, ಅದೂ ಮೆಟ್ಟಿಲು ಇಳಿದ ಹಾಗೆ. ಒಂದೊಂದು ಮೆಟ್ಟಿಲೂ ಒಂದೊಂದು ಸಲ ನಲ್ಲಿ ತಿರುಗಿಸಿದ ಹೊತ್ತು: ತೋಟದಿಂದ ಬಂದವರು ಕೈಕಾಲು ತೊಳೆದದ್ದು, ರಾತ್ರಿಯ ಪಾತ್ರೆ ತೊಳೆದದ್ದು. ಬಳಸಿದ್ದು ಹೆಚ್ಚೆಂದರೆ 30 ಲೀಟರ್. ಆಮೇಲೆ ಬೆಳಗಿನವರೆಗೆ ನಿಧಾನದ ಇಳಿಜಾರು, 50ರಿಂದ 41.

ಅಂದರೆ ಕಳ್ಳರು ಇಬ್ಬರು. ನಿಧಾನದ ಇಳಿಜಾರಿಗೆ ಕಾರಣ ಹೊದಿಕೆ. ಹಳೇ ಟ್ಯಾಂಕಿನ ಹೊರ ತಗಡು ಬಿಚ್ಚಿದಾಗ ಗ್ಲಾಸ್‌ವೂಲ್ ನೆನೆದು ಮುದ್ದೆಯಾಗಿತ್ತು, ಹಿಂಡಿದರೆ ನೀರು ಸುರಿಯಿತು. ಎಷ್ಟು ಮಳೆಗಾಲದ ನೀರು ಕುಡಿದಿತ್ತೋ. ಶಾಖ ತಡೆಯುವುದು ಗ್ಲಾಸ್‌ವೂಲಿನ ನೂಲಲ್ಲ, ಅದರ ನಡುವೆ ಸಿಕ್ಕಿಕೊಂಡ ಗಾಳಿ. ಗಾಳಿಯ ಜಾಗಕ್ಕೆ ನೀರು ಬಂದ ಮೇಲೆ ಅದು ಒದ್ದೆ ಕಂಬಳಿ.

ಎರಡನೆಯ ಕಳ್ಳ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಸಿ ನೀರು ಹಗುರ, ತಣ್ಣೀರು ಭಾರ. ಸುಮ್ಮನೆ ಬಿಟ್ಟರೆ ಬಿಸಿ ಮೇಲೆ, ತಣ್ಣೀರು ಕೆಳಗೆ ಪದರವಾಗಿ ನಿಲ್ಲುತ್ತದೆ, ಗಂಟೆಗಟ್ಟಲೆ ಹಾಗೇ ಇರುತ್ತದೆ. ನಮ್ಮ ಟ್ಯಾಂಕಿನಲ್ಲಿ ನಲ್ಲಿ ತಿರುಗಿಸಿದಾಗಲೆಲ್ಲ ಮೇಲಿನ ಸಿಂಟೆಕ್ಸಿನ ತಣ್ಣೀರು ಚಿಲುಮೆಯಂತೆ ನುಗ್ಗಿ ಎಲ್ಲವನ್ನೂ ಕಲಕುತ್ತಿತ್ತು. 60 ಡಿಗ್ರಿಯ 50 ಲೀಟರಿಗೆ 24 ಡಿಗ್ರಿಯ 50 ಲೀಟರ್ ಬೆರೆಸಿದರೆ 42 ಡಿಗ್ರಿಯ 100 ಲೀಟರ್ ಆಗುತ್ತದೆ. ಶಾಖ ಒಂದಿಷ್ಟೂ ಕಳೆದಿಲ್ಲ, ಲೆಕ್ಕ ಸರಿಯಾಗಿದೆ. ಆದರೆ ಮಲೆನಾಡಿನ ಚಳಿಯಲ್ಲಿ ಬಚ್ಚಲಿಗೆ ಬರುವಷ್ಟರಲ್ಲಿ ಆ 42 ಯಾರಿಗೂ ಸಾಲದು, ಎರಡನೇ ಬಕೆಟ್ ತುಂಬುವಾಗ 36ಕ್ಕೆ ಇಳಿದಿರುತ್ತದೆ. ಹೊಸ ಟ್ಯಾಂಕಿನಲ್ಲಿ ಮೊದಲು ಸರಿಯಾಗಬೇಕಾದದ್ದು ಇದು ಎಂದು ಅವತ್ತೇ ನಿಶ್ಚಯಿಸಿದೆ.

ನೀಲಿ ನೀರಿನ ಪರೀಕ್ಷೆ

ಟ್ಯಾಂಕ್ ಮಾಡಿಸುವ ಮೊದಲು ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಒಂದರಲ್ಲಿ ಆಡಿಸಿ ನೋಡಿದೆ. ಕ್ಯಾನಿಗೆ ಬಿಸಿ ನೀರು, ಪಕ್ಕದ ಬಕೆಟ್ಟಿನಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿದ ತಣ್ಣೀರು. ಮೊದಲು ಬರೀ ಪೈಪನ್ನು ತಳದವರೆಗೆ ಇಳಿಸಿ ನೀಲಿ ನೀರು ಬಿಟ್ಟೆ. ಪೈಪಿನ ಬಾಯಿಂದ ನೀಲಿ ಹೊಗೆಯಂತೆ ಎದ್ದು, ಗೋಡೆಗೆ ಬಡಿದು ಮೇಲೆ ಸುರುಳಿ ಸುತ್ತಿ, ಅರ್ಧ ನಿಮಿಷದಲ್ಲಿ ಇಡೀ ಕ್ಯಾನ್ ತಿಳಿನೀಲಿಯಾಯಿತು.

ಎರಡನೇ ಸಲ ಪೈಪಿನ ಬಾಯಿಗೆ ಎರಡು ಸಿ.ಡಿ. ತಟ್ಟೆಗಳನ್ನು ಒಂದು ಬೆರಳಿನ ಅಂತರ ಬಿಟ್ಟು ಮೇಲೆ ಕೆಳಗೆ ಕೂರಿಸಿದೆ. ನೀರು ನೇರ ನುಗ್ಗುವಂತಿಲ್ಲ, ತಟ್ಟೆಗಳ ನಡುವಿನಿಂದ ಸುತ್ತಲೂ ಹರಡಿ ಹೊರಬರಬೇಕು. ಈ ಸಲ ನೀಲಿ ತಳದಲ್ಲಿ ಹಾಸಿಕೊಂಡಿತು. ಗದ್ದೆಗೆ ನೀರು ಬಿಟ್ಟ ಹಾಗೆ ಮೆಲ್ಲಗೆ ಏರಿತು. ನೀಲಿಗೂ ತಿಳಿನೀರಿಗೂ ನಡುವೆ ಎರಡು ಬೆರಳು ದಪ್ಪದ ಗಡಿ, ಅದು ಕದಡದೆ ಮೇಲೇರುತ್ತಾ ಬಂತು. ಕ್ಯಾನಿನ ಹೊರಗಿನಿಂದ ಕೈಯಾಡಿಸಿದರೆ ಆ ಗಡಿ ಬೆರಳಿಗೇ ಗೊತ್ತಾಗುತ್ತಿತ್ತು, ಮೇಲೆ ಸುಡು, ಕೆಳಗೆ ತಂಪು. ಅಪ್ಪಯ್ಯನನ್ನು ಕರೆದು ತೋರಿಸಿದೆ. ತುಂಬ ಹೊತ್ತು ಕೈಯಿಟ್ಟು ನೋಡಿದರು.

ಡೆನ್ಮಾರ್ಕಿನ ವೋಯೆನ್ಸ್ ಎಂಬಲ್ಲಿ ಬೇಸಿಗೆಯ ಬಿಸಿಲನ್ನು ಚಳಿಗಾಲಕ್ಕೆ ಕೂಡಿಡಲು 2 ಲಕ್ಷ ಘನ ಮೀಟರಿನ ನೀರಿನ ಹೊಂಡ ಮಾಡಿದ್ದಾರೆ. ಮೇಲೆ ತೇಲುವ ಮುಚ್ಚಳ. ಊರ ಮನೆಗಳಿಗೆ ಅಲ್ಲಿಂದ ಪೈಪಿನಲ್ಲಿ ಶಾಖ ಹೋಗುತ್ತದೆ. ಅಂಥ ಹೊಂಡಗಳಲ್ಲೂ ನೀರು ಒಳಗೆ ಬಿಡುವುದು ಇಂಥ ಅಗಲ ತಟ್ಟೆಗಳ ಮೂಲಕವೇ, ಪದರ ಕದಡಬಾರದೆಂದು.

ಟ್ಯಾಂಕ್

ಪದರ ನಿಲ್ಲಬೇಕಾದರೆ ಟ್ಯಾಂಕ್ ಮಲಗಬಾರದು, ನಿಲ್ಲಬೇಕು. ಸ್ಟೇನ್‌ಲೆಸ್ ಸ್ಟೀಲ್ 304, ಒಂದೂವರೆ ಮಿಲಿಮೀಟರ್ ತಗಡು, 36 ಸೆಂಟಿಮೀಟರ್ ವ್ಯಾಸ, 1 ಮೀಟರ್ ಎತ್ತರ. ಹಿಡಿಯುವುದು 102 ಲೀಟರ್. ತಳದಲ್ಲಿ ತಣ್ಣೀರು ಬರುವಲ್ಲಿ ತಟ್ಟೆ ಜೋಡಿ, 20 ಸೆಂಟಿಮೀಟರ್ ಅಗಲದ್ದು. ನೆತ್ತಿಯಲ್ಲಿ ಬಿಸಿ ನೀರಿನ ದಾರಿ. ಗಾಳಿಯ ಪೈಪ್ ಯಾವಾಗಲೂ ತೆರೆದೇ ಇರಬೇಕು, ಅದಕ್ಕೆ ವಾಲ್ವ್ ಹಾಕುವಂತೆಯೇ ಇಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ನೀರು ಕಾದರೆ ಅದು ಬಾಂಬ್. ಮೇಲಿನ ಮುಚ್ಚಳ ಬೋಲ್ಟ್ ಹಾಕುವಂಥದ್ದು, ಏಕೆಂದರೆ ಮುಂದೆ ಶಾಖ ಹಿಡಿದಿಡುವ ಉಪ್ಪು ತುಂಬಿದ ಕೊಳವೆಗಳನ್ನು ಇಳಿಸಬೇಕಿತ್ತು.

ಹೊದಿಕೆಗೆ ಭತ್ತದ ಉಮಿ ಬಳಸಿದೆ. ಪಫ್ ಎಂಬ ಪ್ಲಾಸ್ಟಿಕ್ ನೊರೆ ತುಂಬಿಸಿದರೆ ಒಂದು ಸಲ ತುಂಬಿದ್ದೇ ಕೊನೆ, ಒಳಗೆ ನೀರು ಹೋದರೆ ಗೊತ್ತೂ ಆಗದು, ಬಿಚ್ಚಲೂ ಬಾರದು. ಉಮಿ ರೈಸ್ ಮಿಲ್ಲಿನಲ್ಲಿ ಕೇಳಿದಷ್ಟು ಸಿಗುತ್ತದೆ. ಟ್ಯಾಂಕಿನ ಸುತ್ತ 15 ಸೆಂಟಿಮೀಟರ್ ಜಾಗ ಬಿಟ್ಟು ಜಿ.ಐ. ತಗಡಿನ ಹೊರ ಡ್ರಮ್, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೂರು ದಿನ ಅಂಗಳದಲ್ಲಿ ಒಣಗಿಸಿದ ಉಮಿ. ಕುಟ್ಟಿ ಗಟ್ಟಿ ಮಾಡಬಾರದು, ತಟ್ಟಿ ತಟ್ಟಿ ಕೂರಿಸಬೇಕು. 1833ರಲ್ಲಿ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತಕ್ಕೆ ಮಂಜುಗಡ್ಡೆ ಬಂದದ್ದು ಒಣಗಿಸಿದ ಮರದ ತೊಗಟೆಯ ಪುಡಿಯ ಹೊದಿಕೆಯಲ್ಲಿ. ನಾಲ್ಕು ತಿಂಗಳು ಸಮುದ್ರದ ಮೇಲಿದ್ದರೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಒಣಗಿದ್ದರೆ ಇಂಥ ಪುಡಿ, ಹೊಟ್ಟು ಎಂಥ ಕೆಲಸ ಮಾಡುತ್ತದೆನ್ನುವುದಕ್ಕೆ ನನಗೆ ಅಷ್ಟು ಸಾಕಿತ್ತು.

ಸ್ಟ್ಯಾಂಡಿನ ಎತ್ತರದಲ್ಲಿ ಒಂದು ತಪ್ಪು ಮಾಡಿದೆ. ಪ್ಯಾನಲ್ಲಿನ ಮೇಲಂಚಿಗಿಂತ ಟ್ಯಾಂಕಿನ ತಳ 10 ಸೆಂಟಿಮೀಟರ್ ಮಾತ್ರ ಮೇಲಿತ್ತು. ಹಗಲು ಎಲ್ಲ ಸರಿ. ರಾತ್ರಿ ಎರಡು ಗಂಟೆಯ ಲೆಕ್ಕದಲ್ಲಿ ಟ್ಯಾಂಕಿನ ತಳದ ಸೆನ್ಸರ್ ಒಂದೇ ಸಮನೆ ಇಳಿಯುತ್ತಿತ್ತು. ಹಗಲು ಪ್ಯಾನಲ್ಲಿನಲ್ಲಿ ಕಾದ ನೀರು ತಾನಾಗಿ ಮೇಲೇರುವ ಹಾಗೆಯೇ ರಾತ್ರಿ ಆಕಾಶಕ್ಕೆ ಮೈಯೊಡ್ಡಿ ತಣ್ಣಗಾದ ನೀರು ಕೆಳಗಿಳಿದು, ಟ್ಯಾಂಕಿನ ಬಿಸಿಯನ್ನು ಪ್ಯಾನಲ್ಲಿಗೆ ಎಳೆಯುತ್ತಿತ್ತು. ಸ್ಟ್ಯಾಂಡಿನ ಕೆಳಗೆ ಎರಡು ವರಸೆ ಚಿರೆಕಲ್ಲು ಕೊಟ್ಟು 45 ಸೆಂಟಿಮೀಟರ್ ಮಾಡಿದ ಮೇಲೆ ನಿಂತಿತು. ಇದನ್ನು ಮಾಡುವವರು 30 ಸೆಂಟಿಮೀಟರಿಗೆ ಕಡಿಮೆ ಇಡಲೇಬೇಡಿ.

ಡಿಸೆಂಬರ್ ಕೊನೆಯ ವಾರ, ಉಪ್ಪು ಇನ್ನೂ ಹಾಕಿಲ್ಲ, ಬರೀ ನೀರಿನ ಟ್ಯಾಂಕ್: ಸಂಜೆ ನೆತ್ತಿಯಲ್ಲಿ 61, ಬೆಳಗ್ಗೆ ಐದಕ್ಕೆ 57. ಸಂಜೆಯ ಕೈಕಾಲು, ಪಾತ್ರೆ ಎಲ್ಲ ಆದ ಮೇಲೂ 57. ಒಂದು ದಿನ ಸಂಜೆ ನೀರು ಬಳಸದೆ ಬಿಟ್ಟು, ಬೆಳಗ್ಗೆ ತಣ್ಣೀರು ಬೆರೆಸಿ 42 ಡಿಗ್ರಿಯ ಸ್ನಾನದ ನೀರು ಎಷ್ಟು ಸಿಗುತ್ತದೆಂದು 18 ಲೀಟರ್ ಬಕೆಟ್ಟಿನಲ್ಲಿ ಅಳೆದೆ. ಏಳು ಬಕೆಟ್. ಹಳೇ ಟ್ಯಾಂಕಿನಲ್ಲಿ ಸ್ನಾನ ಮಾಡಬಹುದಾದದ್ದು ಒಂದೂವರೆ ಬಕೆಟ್. ಅದೇ ಪ್ಯಾನಲ್, ಅದೇ ಬಿಸಿಲು, ಟ್ಯಾಂಕ್ ಮೊದಲಿಗಿಂತ ಚಿಕ್ಕದು. ಒಣ ಉಮಿ ಮತ್ತು ಎರಡು ತಟ್ಟೆ, ಇಷ್ಟೇ ಬದಲಾದದ್ದು.

ಉಪ್ಪು

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಉಪ್ಪಿನ ಆಸೆ ನನಗೆ ಮೊದಲಿಂದಲೂ ಇತ್ತು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ ಎಂಬ ಉಪ್ಪು 58 ಡಿಗ್ರಿಯಲ್ಲಿ ಕರಗುತ್ತದೆ. ಕರಗುವಾಗ ಒಂದು ಕಿಲೋ ಉಪ್ಪು 250 ಕಿಲೋಜೂಲ್ ಹತ್ತಿರ ನುಂಗುತ್ತದೆ, ಹೆಪ್ಪುಗಟ್ಟುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ಶಾಲೆಯಲ್ಲಿ ಗುಪ್ತೋಷ್ಣ ಎಂದು ಓದಿದ್ದು ಇದೇ. ಬಟ್ಟೆಗೆ ಬಣ್ಣ ಹಾಕುವವರು ಬಳಸುವ ಉಪ್ಪು, ವಿಷವಲ್ಲ, ಹುಬ್ಬಳ್ಳಿಯ ಕೆಮಿಕಲ್ ಅಂಗಡಿಯಲ್ಲಿ ಸಿಕ್ಕಿತು.

ಮೇಣವನ್ನೂ ಯೋಚಿಸಿದ್ದೆ. ಮೇಣಕ್ಕೆ ಯಾವ ಹಠವೂ ಇಲ್ಲ, ಕರಗು ಎಂದರೆ ಕರಗುತ್ತದೆ. ಆದರೆ ಅದರ ಮೈಯಲ್ಲಿ ಶಾಖ ಹರಿಯುವುದು ಬಲು ನಿಧಾನ. ಒಂದು ಕೊಳವೆ ಪರೀಕ್ಷೆ ಮಾಡಿದಾಗ ಹೊರಗೆ ಗಟ್ಟಿಯಾದ ಮೇಣವೇ ಒಳಗಿನ ಬಿಸಿಗೆ ಕಂಬಳಿಯಾಯಿತು. ಬೆಂಕಿ ತಗಲುವ ವಸ್ತು ಬೇರೆ. ಬಿಟ್ಟೆ.

ಉಪ್ಪಿಗೆ ಎರಡು ಹಠಗಳಿವೆ. ಮೊದಲನೆಯದನ್ನು ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಯಲ್ಲಿ ಕಂಡೆ. ಅರ್ಧ ಕಿಲೋ ಉಪ್ಪನ್ನು ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಸೆನ್ಸರ್ ಇಳಿಸಿ, ಮುಚ್ಚಿ ಇಟ್ಟೆ. 58ಕ್ಕೆ ಬಂದಾಗ ಹೆಪ್ಪುಗಟ್ಟಬೇಕಿತ್ತು. 58 ದಾಟಿತು, 40 ದಾಟಿತು, ಬೆಳಗ್ಗೆ 23 ಡಿಗ್ರಿ. ಭರಣಿಯಲ್ಲಿ ತಿಳಿ ನೀರಿನಂಥ ದ್ರವ, ಅಲುಗಿಸಿದರೂ ಹಾಗೇ. ಮುಚ್ಚಳ ತೆಗೆದು ಚೀಲದಿಂದ ಉಪ್ಪಿನ ಒಂದು ಹರಳು ಹಾಕಿದೆ. ಹರಳು ತಳ ಮುಟ್ಟುವ ಮೊದಲೇ ಅದರ ಸುತ್ತ ಬಿಳಿ ಸೂಜಿಗಳು ಎದ್ದವು. ಕದಂಬದ ಹೂವು ಅರಳಿದ ಹಾಗೆ ಎಲ್ಲ ದಿಕ್ಕಿಗೂ ಚಾಚಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಭರಣಿ ಪೂರ್ತಿ ಬಿಳಿ, ಕಲ್ಲು. ಸೆನ್ಸರ್ 23ರಿಂದ 57ಕ್ಕೆ ಹಾರಿತ್ತು. ಅಮ್ಮ ಭರಣಿ ಮುಟ್ಟಿ ಕೈ ಹಿಂದೆಗೆದರು. "ಇದೆಂತದೋ ಮಾರಾಯ, ಉಪ್ಪಿಗೆ ಜ್ವರ ಬಂತಲ!" ಅಂದರು.

ನೋಡಲು ಚೆಂದ, ಟ್ಯಾಂಕಿಗೆ ಮಾತ್ರ ಉಪಯೋಗವಿಲ್ಲ. ಬೆಳಗಿನ ಜಾವ ಕೊಳವೆಯೊಳಗೆ ಹರಳು ಹಾಕುವವರಾರು? ಹೆಪ್ಪುಗಟ್ಟಲು ಒಂದು ಬೀಜ ಬೇಕು, ಹಾಲಿಗೆ ಹೆಪ್ಪು ಬೇಕಾದಂತೆ. ಡೈಸೋಡಿಯಂ ಫಾಸ್ಫೇಟ್ ನೂರಕ್ಕೆ ಎರಡರಷ್ಟು ಸೇರಿಸಿದಾಗ ಆ ಹಠ ಬಿಟ್ಟಿತು. 55ರ ಸುಮಾರಿಗೆ ತಾನೇ ಹೆಪ್ಪುಗಟ್ಟಲು ತೊಡಗಿತು.

ಎರಡನೇ ಹಠ ಗೊತ್ತಾಗಲು ಹತ್ತು ಹನ್ನೆರಡು ಸಲ ಕರಗಿಸಿ ಹೆಪ್ಪುಗಟ್ಟಿಸಬೇಕಾಯಿತು. ಭರಣಿಯ ತಳದಲ್ಲಿ ಬಿಳಿ ಗಸಿ ಕೂತಿತ್ತು, ಮೇಲೆ ತೆಳು ನೀರು. ಉಪ್ಪಿನ ಕಣಕ್ಕೆ ಅಂಟಿಕೊಂಡ ನೀರು ಬಿಟ್ಟುಹೋಗಿ, ನೀರಿಲ್ಲದ ಉಪ್ಪು ಭಾರವಾಗಿ ತಳ ಸೇರುತ್ತದೆ. ಮತ್ತೆ ಒಂದಾಗಲು ಅವೆರಡೂ ಸಿಗಬೇಕು, ಸಿಗುವುದಿಲ್ಲ. ಪ್ರತಿ ಸುತ್ತಿಗೂ ಕೊಡುವ ಶಾಖ ಕಡಿಮೆಯಾಗುತ್ತ ಹೋಗುತ್ತದೆ. ಹಂಗೆರಿಯಲ್ಲಿ ಹುಟ್ಟಿದ ವಿಜ್ಞಾನಿ ಮಾರಿಯಾ ಟೆಲ್ಕೆಸ್ 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಡೋವರ್‌ನಲ್ಲಿ ಬಿಸಿಲಿನಿಂದಲೇ ಬೆಚ್ಚಗಾಗುವ ಮನೆ ಮಾಡಿದ್ದರು. ವಿನ್ಯಾಸ ಎಲೀನರ್ ರೇಮಂಡ್ ಅವರದು, ದುಡ್ಡು ಅಮೀಲಿಯಾ ಪೀಬಡಿ ಅವರದು, ಮೂವರೂ ಹೆಂಗಸರು. ಗ್ಲಾಬರ್ ಉಪ್ಪು (ನೀರಿನಂಶವಿರುವ ಸೋಡಿಯಂ ಸಲ್ಫೇಟ್) ತುಂಬಿದ ಡ್ರಮ್ಮುಗಳು ಹಗಲಿನ ಬಿಸಿಲನ್ನು 32 ಡಿಗ್ರಿಯಲ್ಲಿ ಕರಗಿ ಹಿಡಿದಿಡುತ್ತಿದ್ದವು. ಮೂರನೇ ಚಳಿಗಾಲದ ಹೊತ್ತಿಗೆ ಆ ಉಪ್ಪೂ ಹೀಗೇ ಬೇರ್ಪಟ್ಟು ಕೈಕೊಟ್ಟಿತು. ನನ್ನ ಭರಣಿಯ ತಳದ ಆ ಎರಡು ಬೆರಳು ಗಸಿ ನೋಡಿದಾಗ ಅವರಿಗೆ ಆಗಿರಬಹುದಾದ ಸಂಕಟ ಅರ್ಥವಾಯಿತು.

ಈಗ ಇದಕ್ಕೆ ಮದ್ದು ಗೊತ್ತಿದೆ. ಉಪ್ಪು ತಳ ಸೇರದಂತೆ ದ್ರವವನ್ನೇ ಗಂಜಿಯಷ್ಟು ಮಂದ ಮಾಡುವುದು. ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಎಂಬ ಪುಡಿ ನೂರಕ್ಕೆ ಎರಡರಷ್ಟು. ಕರಗಿದ ಉಪ್ಪಿಗೆ ನೇರ ಸುರಿದರೆ ರಾಗಿ ಮುದ್ದೆಯ ಗಂಟಿನಂತೆ ಗಂಟುಗಂಟಾಗುತ್ತದೆ, ಒಣ ಉಪ್ಪಿನ ಜೊತೆಗೇ ಪುಡಿ ಕಲಸಿ ಆಮೇಲೆ ಕರಗಿಸಬೇಕು. 70 ಡಿಗ್ರಿಯ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಮುಕ್ಕಾಲು ಗಂಟೆ ಕೈ ಬಿಡದೆ ತಿರುವುವುದು. ಹಲಸಿನ ಹಪ್ಪಳದ ಹಿಟ್ಟು ತಿರುವಿದ ಅಭ್ಯಾಸವಿರುವ ಅಮ್ಮ ಇದನ್ನು ನನಗಿಂತ ಚೆನ್ನಾಗಿ ಮಾಡಿದರು.

ಕೊಳವೆಗಳೂ 304 ಸ್ಟೀಲಿನವೇ, ಎರಡಿಂಚು ವ್ಯಾಸ, 60 ಸೆಂಟಿಮೀಟರ್ ಉದ್ದ, ಹನ್ನೆರಡು. ತಾಮ್ರವನ್ನು ಈ ಉಪ್ಪು ತಿನ್ನುತ್ತದೆ. ಒಂದೊಂದಕ್ಕೆ 1.2 ಕಿಲೋದಂತೆ ಒಟ್ಟು ಹದಿನಾಲ್ಕೂವರೆ ಕಿಲೋ, ಮೇಲೆ ನಾಲ್ಕು ಬೆರಳು ಖಾಲಿ ಜಾಗ. ಹನ್ನೊಂದಕ್ಕೆ ಬಾಯಿ ವೆಲ್ಡ್ ಮಾಡಿಸಿದೆ, ಒಂದಕ್ಕೆ ಮಾತ್ರ ತಿರುಪಿನ ಮುಚ್ಚಳ, ಆಗಾಗ ತೆಗೆದು ನೋಡಲು. ವೆಲ್ಡ್ ಮಾಡಿದವರು "ಹೆಗ್ಡೇರೇ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸೋರೂದಿಲ್ಲ" ಅಂದಿದ್ದರು. ಒಂದು ರಾತ್ರಿ ಎಲ್ಲವನ್ನೂ ತಲೆಕೆಳಗಾಗಿ ಬಿಸಿ ನೀರಿನಲ್ಲಿಟ್ಟೆ. ಬೆಳಗ್ಗೆ ಒಂದರ ಅಂಚಿನಿಂದ ಗುಳ್ಳೆ, ಒರೆಸಿ ಒಣಗಿಸಿದರೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ಉಪ್ಪು ಇದ್ದಲ್ಲಿ ವೆಲ್ಡ್ ಹಿಡಿಯುವುದಿಲ್ಲ, ಖಾಲಿ ಮಾಡಿ, ತೊಳೆದು, ಮತ್ತೆ ಮಾಡಬೇಕಾಯಿತು. ತುಂಬುವ ಮೊದಲೇ ಗಾಳಿ ಒತ್ತಿ ನೀರಲ್ಲಿ ಮುಳುಗಿಸಿ ನೋಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಜನವರಿಯ ಲೆಕ್ಕ

ಕೊಳವೆಗಳನ್ನು ಟ್ಯಾಂಕಿನ ಮೇಲಿನ ಭಾಗದಲ್ಲಿ ತೂಗುಬಿಟ್ಟೆ, ಬಿಸಿ ನಿಲ್ಲುವುದು ಅಲ್ಲೇ ತಾನೆ. ಕೊಳವೆಗಳು 15 ಲೀಟರ್ ಜಾಗ ತಿಂದವು, ನೀರು 87 ಲೀಟರಿಗೆ ಇಳಿಯಿತು.

ಜನವರಿ 14, ನಿಚ್ಚಳ ಬಿಸಿಲು. ಮಧ್ಯಾಹ್ನ ಒಂದೂವರೆಗೆ ನೆತ್ತಿಯ ಸೆನ್ಸರ್ 58ಕ್ಕೆ ಬಂದು ಅಲ್ಲೇ ನಿಂತಿತು. ಎರಡೂಕಾಲಿನವರೆಗೆ 59 ದಾಟಲಿಲ್ಲ. ಉಪ್ಪು ಕರಗುತ್ತಿದೆ! ಸಂಜೆ 62. ಮರುದಿನ ಬೆಳಗ್ಗೆ ಐದೂ ಹತ್ತಕ್ಕೆ 57. ಎರಡು ಬಕೆಟ್ ಬಿಸಿ ನೀರು ತೆಗೆದು ನಲ್ಲಿ ಮುಚ್ಚಿದಾಗ ಕೊಳವೆಗಳ ನಡುವಿನ ಸೆನ್ಸರ್ 49 ತೋರಿಸಿತು. ಹೊರಗೆ ಕತ್ತಲೆ, ಬಿಸಿಲಿಲ್ಲ, ಕರೆಂಟಿಲ್ಲ. 40 ನಿಮಿಷದಲ್ಲಿ ಅದು ತಾನಾಗಿ 53ಕ್ಕೆ ಏರಿತು. ನಾನು ಮೊಬೈಲ್ ಹಿಡಿದು ಬಚ್ಚಲಮನೆಯ ಬಾಗಿಲಲ್ಲೇ ನಿಂತು ಆ ಅಂಕಿ ಏರುವುದನ್ನು ನೋಡಿದೆ.

ಬಕೆಟ್ ಲೆಕ್ಕದಲ್ಲಿ ಎಂಟೂವರೆ. ಬರೀ ನೀರಿದ್ದಾಗ ಏಳು. ಅಂದರೆ ಉಪ್ಪಿನಿಂದ ಸಿಕ್ಕಿದ್ದು ಒಂದೂವರೆ ಬಕೆಟ್. ಉಪ್ಪಿಗೆ ನೀರಿನ ಹತ್ತುಪಟ್ಟು ಶಕ್ತಿ ಎಂದೆಲ್ಲ ಓದಿ ಬಂದವರಿಗೆ ಇದು ಕಡಿಮೆ ಅನ್ನಿಸಬಹುದು. ಆದರೆ ಉಪ್ಪು ಶಾಖ ಹುಟ್ಟಿಸುವುದಿಲ್ಲ, ಪ್ಯಾನಲ್ ಕೊಟ್ಟದ್ದನ್ನು ಹಿಡಿದಿಡುತ್ತದೆ. ನಮ್ಮ ಚಳಿಗಾಲದ ಒಳ್ಳೆಯ ದಿನ ಈ ಪ್ಯಾನಲ್ಲಿನಿಂದ ಬರುವುದು ಸುಮಾರು 5 ಯೂನಿಟ್ ಶಾಖ. ನೀರು ಕಾಯಲು ಮೂರೂವರೆಗಿಂತ ಹೆಚ್ಚು ಹೋದರೆ ಉಪ್ಪು ಕಾದು ಕರಗಲು ಉಳಿಯುವುದು ಒಂದು ಚಿಲ್ಲರೆ. 125 ಲೀಟರಿನ ಹಳೇ ಟ್ಯಾಂಕಿಗೇ ಉಪ್ಪು ಹಾಕಿದ್ದರೆ ನೀರು 58 ದಾಟುತ್ತಲೇ ಇರಲಿಲ್ಲ, ಉಪ್ಪು ಹೆಚ್ಚುಪಾಲು ಕಲ್ಲಾಗಿಯೇ ಕೂತಿರುತ್ತಿತ್ತು. ಮೋಡದ ದಿನ ಈಗಲೂ ಹಾಗೇ, ಆರು ಬಕೆಟ್ಟಿಗೇ ಮುಗಿಯುತ್ತದೆ, ಉಪ್ಪಿಲ್ಲದಿದ್ದರೆ ಒಂದಿಷ್ಟು ಹೆಚ್ಚು ಸಿಗುತ್ತಿತ್ತೇನೋ.

ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗೆ: ಮೊದಲು ಹೊದಿಕೆ ಒಣಗಿದೆಯಾ ನೋಡಿ, ತಣ್ಣೀರು ಎಲ್ಲಿ ಹೇಗೆ ನುಗ್ಗುತ್ತಿದೆ ನೋಡಿ. ಅವೆರಡೂ ಸರಿಯಾದ ಮೇಲೂ ಮನೆಯಲ್ಲಿ ಜನ ಹೆಚ್ಚಿದ್ದು, ಪ್ಯಾನಲ್ಲಿನಲ್ಲಿ ಬಿಸಿ ಮಿಕ್ಕುತ್ತಿದ್ದರೆ ಆಗ ಉಪ್ಪು. ಟ್ಯಾಂಕ್ ಮತ್ತು ಕೊಳವೆಗೆ ನನಗೆ 19 ಸಾವಿರ ಆಯಿತು, ಉಪ್ಪು ಮತ್ತು ಪುಡಿಗಳಿಗೆ ಎರಡು ಸಾವಿರದೊಳಗೆ. ತಟ್ಟೆ ಜೋಡಿಗೆ 300 ರೂಪಾಯಿ. ಇನ್ನೊಂದು ಮಾತು, ಮೊದಲ ತಂಬಿಗೆ ನೀರೇ 57 ಡಿಗ್ರಿ ಬರುತ್ತದೆ. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿ ಆಮೇಲೆ. ನಮ್ಮ ಬಚ್ಚಲಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.

ಮೇ ಕೊನೆಯಲ್ಲಿ ತಿರುಪಿನ ಕೊಳವೆ ತೆಗೆದು ನೋಡಿದೆ. ನೂರಕ್ಕೂ ಹೆಚ್ಚು ಸಲ ಕರಗಿ ಹೆಪ್ಪುಗಟ್ಟಿದೆ. ಬಿಸಿ ನೀರಲ್ಲಿಟ್ಟು ಕರಗಿಸಿ, ಉದ್ದದ ಕಡ್ಡಿ ಇಳಿಸಿ ತಳ ಕೆರೆದೆ. ಕಡ್ಡಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಮಂದದ ಗಂಜಿ, ಗಸಿ ಸಿಗಲಿಲ್ಲ. ಮುಚ್ಚಳದ ಎಳೆಯಲ್ಲಿ ಸ್ವಲ್ಪ ಬಿಳಿ ಕಟ್ಟಿತ್ತು, ಒರೆಸಿ ಹೊಸ ವಾಷರ್ ಹಾಕಿದೆ.

ಈಗ ಜೂನ್. ಹನ್ನೆರಡು ದಿನದಿಂದ ಬಿಸಿಲು ಕಂಡಿಲ್ಲ, ಹಂಡೆಯ ಒಲೆ ಮತ್ತೆ ಹೊತ್ತಿದೆ, ಅಡಿಕೆ ಸಿಪ್ಪೆ ಒಟ್ಟಿದ್ದು ಸಾಕಷ್ಟಿದೆ. ಉಮಿಯ ನಡುವೆ ತೇವ ಅಳೆಯುವ ಸೆನ್ಸರ್ ಒಂದನ್ನು ಇಳಿಸಿದ್ದೇನೆ, ದಿನಾ ರಾತ್ರಿ ಅದರ ಲೆಕ್ಕ ನೋಡುತ್ತೇನೆ. ಇವತ್ತಿನವರೆಗೆ ಒಣಗೇ ಇದೆ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟ ಮೇಲೆ ಹೊರ ಡ್ರಮ್ ಬಿಚ್ಚಿ ಉಮಿಯನ್ನು ಕೈಯಲ್ಲಿ ಹಿಡಿದು ನೋಡುವುದಿದೆ.